ತೂಕ ಇಳಿಸೋ ಸರ್ಜರಿ ಆದ ಮೇಲೆ ಕಿಡ್ನಿ ಸುಧಾರಿಸಿದೆ ಅಂತ ರಿಪೋರ್ಟ್. ನಂಬಬಹುದಾ? ಅನುಭವ ಇದ್ದವರು ಹೇಳಿ

ಸ್ಲೀವ್ ಆದವಳು: ವಯಸ್ಸು 42. ಸ್ಲೀವ್ (ಹೊಟ್ಟೆ ಸಣ್ಣ ಮಾಡೋ ಸರ್ಜರಿ) ಆಗಿ ಒಂದು ವರ್ಷ. ಕಿಡ್ನಿ ಸೋಸಿ ಹಾಕೋ ರಕ್ತದ ಕಸ ಕ್ರಿಯಾಟಿನಿನ್ 1.1ರಿಂದ 0.8ಕ್ಕೆ ಇಳಿದಿದೆ, ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿ ಸೋಸುತ್ತದೆ ಅನ್ನೋ ಅಂದಾಜು) 64ರಿಂದ 94ಕ್ಕೆ ಏರಿದೆ. ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ಕಿಡ್ನಿ ರಕ್ತ ಟೆಸ್ಟ್ ಮಾಡಿಸಲೇಬೇಕಾ?

ತೋಳು ಸೊರಗಿದವನು: 94 ನೋಡಿ ಈಗಲೇ ನೆಮ್ಮದಿ ಪಡಬೇಡಿ ಮೇಡಂ. ನನಗೆ 50 ವಯಸ್ಸು. ಕ್ರಿಯಾಟಿನಿನ್ 0.9, ಇಜಿಎಫ್‌ಆರ್ 104 ಅಂತ ಬಂದಿತ್ತು. ಕ್ರಿಯಾಟಿನಿನ್ ಹುಟ್ಟೋದೇ ಸ್ನಾಯುವಿನಿಂದ, ಸ್ನಾಯು ಕರಗಿದರೆ ಕಿಡ್ನಿ ಸುಧಾರಿಸದಿದ್ದರೂ ಅದು ಇಳಿಯುತ್ತದೆ. ನನಗೆ ಕೊಬ್ಬಿನ ಜೊತೆ ತೊಡೆ, ತೋಳು ಎಲ್ಲಾ ಕರಗಿತ್ತು. ಸ್ನಾಯುವನ್ನು ಅಷ್ಟಾಗಿ ನೆಚ್ಚಿಕೊಳ್ಳದ ಸಿಸ್ಟಾಟಿನ್ 1.3 ಬಂತು, ಆ ಲೆಕ್ಕಕ್ಕೆ ಇಜಿಎಫ್‌ಆರ್ ಬರೀ 57! ಅಷ್ಟರಲ್ಲಿ 104 ನಂಬಿ ಮಂಡಿನೋವಿಗೆ ಡೈಕ್ಲೋಫೆನಾಕ್ (ಕಿಡ್ನಿಗೆ ಹೊಡೆತ ಕೊಡಬಲ್ಲ ನೋವಿನ ಮಾತ್ರೆ) ಬರೆದುಕೊಟ್ಟಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಟೆಸ್ಟಿನ ದುಡ್ಡು ನನ್ನದೇ. ಸ್ಯಾಂಪಲ್ ಬೇರೆ ಲ್ಯಾಬಿಗೆ ಹೋಯಿತು, ಮೊದಲನೆಯದು ಕೆಟ್ಟಿದೆ ಅಂತ ಮತ್ತೆ ಚುಚ್ಚಿದರು. ಇನ್ಶೂರೆನ್ಸಿನವರು ಬಿಲ್ಲನ್ನೇ ವಾಪಸ್ ಕಳಿಸಿದರು.

ಲೆಕ್ಕದವನು: ಸುಮ್ನೆ ಹೆದರಿಸಬೇಡಿ ಸರ್. ಸಿಸ್ಟಾಟಿನ್ ಕೂಡ ಕೊಬ್ಬು, ಉರಿಯೂತ, ಥೈರಾಯ್ಡ್, ಸ್ಟೀರಾಯ್ಡಿಗೆ ಏರುಪೇರಾಗುತ್ತದೆ. ಇಜಿಎಫ್‌ಆರ್ ಲೆಕ್ಕ ಹಾಕೋ 2021ರ ಸಿಕೆಡಿ-ಎಪಿ ಸೂತ್ರದಲ್ಲಿ ಕ್ರಿಯಾಟಿನಿನ್, ಸಿಸ್ಟಾಟಿನ್ ಎರಡನ್ನೂ ಸೇರಿಸಿ ಲೆಕ್ಕ ಹಾಕಬಹುದು, ನಾನು ಅದನ್ನೇ ನಂಬೋದು. ಇನ್ನೊಂದು ವಿಷಯ. ರಿಪೋರ್ಟಿನ ಇಜಿಎಫ್‌ಆರ್ ಅಂಕಿ 1.73 ಚದರ ಮೀಟರ್ ಮೇಲ್ಮೈ ಇರೋ ಮೈಗೆ ಹೊಂದಿಸಿದ್ದು. ನಾನು 170 ಸೆಂ.ಮೀ. ಎತ್ತರ, 130 ಕೆಜಿ ಇದ್ದಾಗ ನನ್ನ ಮೈಯ ಮೇಲ್ಮೈ ಸುಮಾರು 2.48 ಚದರ ಮೀಟರ್. ರಿಪೋರ್ಟಿನ 60 ಅಂದರೆ ನಿಜಕ್ಕೂ ನಿಮಿಷಕ್ಕೆ 86 ಮಿಲಿ! 85 ಕೆಜಿಗೆ ಇಳಿದ ಮೇಲೆ ಅದೇ 60 ಅಂದರೆ 69. 86 ಇದ್ದದ್ದು 69 ಆಯಿತು, ಕಿಡ್ನಿ ಕೆಟ್ಟಿತು ಅಂತ ಮನೆಯವರೆಲ್ಲ ಗಾಬರಿಯಾದರು. ದಪ್ಪ ಇದ್ದಾಗ ಕಿಡ್ನಿ ಮಿತಿಮೀರಿ ಸೋಸುತ್ತಿರುತ್ತದೆ. ತೂಕದ ಜೊತೆ ಆ ಹೊರೆ ಇಳಿಯೋದು ಒಳ್ಳೆಯದೇ ಅಲ್ವಾ?

ತೋಳು ಸೊರಗಿದವನು: ನಿಮಗೆ ಲೆಕ್ಕ. ಮಾತ್ರೆ ನುಂಗಿದ್ದು ನಾನು.

ಬೈಪಾಸ್ ಅಕ್ಕ: ಇಬ್ಬರೂ ರಕ್ತಕ್ಕೇ ಅಂಟಿಕೊಂಡಿದ್ದೀರಿ. ಮೂತ್ರ ಯಾರು ನೋಡಬೇಕು? ನನಗೆ ಹೊಟ್ಟೆಯ ಬೈಪಾಸ್ (ತೂಕ ಇಳಿಸೋ ಇನ್ನೊಂದು ಸರ್ಜರಿ) ಆದ ಮೇಲೆ ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಬಂತು. ಊಟದ ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿಹಾಕಬೇಕಾದ ಕ್ಯಾಲ್ಸಿಯಂ ಅನ್ನು ಜೀರ್ಣವಾಗದ ಕೊಬ್ಬು ಹಿಡಿದುಕೊಳ್ಳುತ್ತದೆ, ಒಂಟಿಯಾದ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಮೂತ್ರನಾಳಕ್ಕೆ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದರು, ಅದು ಒಳಗಿರುವಷ್ಟು ದಿನ ಮೂತ್ರಕ್ಕೆ ಹೋದಾಗಲೆಲ್ಲ ಉರಿ, ರಕ್ತ. ಕೆಲಸಕ್ಕೆ ರಜೆ, ಸಂಬಳ ಕಟ್. ಕಲ್ಲು ಇದ್ದಾಗಲೂ ನನ್ನ ಇಜಿಎಫ್‌ಆರ್ ಚೆನ್ನಾಗಿಯೇ ಇತ್ತು! ಈಗ ಕ್ಯಾಲ್ಸಿಯಂ ಸಿಟ್ರೇಟ್ ಊಟದ ಜೊತೆಗೇ ತಗೋತೀನಿ. 24 ಗಂಟೆ ಮೂತ್ರ ಕೂಡಿಟ್ಟು ಆಕ್ಸಲೇಟ್, ಕಲ್ಲು ತಡೆಯೋ ಸಿಟ್ರೇಟ್ ನೋಡಿಸ್ತೀನಿ. ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ (ಪ್ರೋಟೀನ್) ಸೋರುತ್ತಿದೆಯಾ ಅಂತಲೂ ನೋಡಿಸ್ತೀನಿ.

ಲೆಕ್ಕದವನು: ಅಕ್ಕ, 24 ಗಂಟೆ ಮೂತ್ರದಲ್ಲಿ ಒಂದು ಸಲ ಹಿಡಿಯೋದು ತಪ್ಪಿದರೂ ಲೆಕ್ಕ ಹಾಳು.

ಬೈಪಾಸ್ ಅಕ್ಕ: ಕಿಡ್ನಿ ಸೋಸೋ ವೇಗ (ಜಿಎಫ್‌ಆರ್) ಅಳೆಯೋಕೆ ಅಂತ ನಾನೆಲ್ಲಿ ಹೇಳಿದೆ? ಕಲ್ಲಿಗೆ ಅಂದೆ. ಪೂರ್ತಿ ಓದಿ ಮಾತಾಡಿ.

ಅಯೋಹೆಕ್ಸಾಲ್ ಮಾಡಿಸಿದವಳು: ಇಷ್ಟು ಜಗಳ ಬೇಕಾ? ಅಂದಾಜು ಬಿಟ್ಟು ಅಳೆಸಿ. ನನಗೆ ಕಿಡ್ನಿ ಸೋಸಿ ಹೊರಹಾಕೋ ಅಯೋಹೆಕ್ಸಾಲ್ ಅನ್ನೋ ದ್ರವ ಚುಚ್ಚಿ, ಗಂಟೆಗಟ್ಟಲೆ ಕೂರಿಸಿ, ಬಿಟ್ಟು ಬಿಟ್ಟು ರಕ್ತ ತೆಗೆದರು. ನರ ಸಿಗದೆ ಎರಡೂ ಕೈ ನೀಲಿಯಾದವು. ಆದರೂ ಬಂದ ಅಂಕಿ ನನ್ನದು, ಸೂತ್ರದ್ದಲ್ಲ.

ತೋಳು ಸೊರಗಿದವನು: ಎಲ್ಲಾ ಕಡೆ ಆ ಟೆಸ್ಟ್ ಎಲ್ಲಿದೆ ಮೇಡಂ? ಸಿಸ್ಟಾಟಿನ್‌ಗೇ ನಾನು ಅಲೆದು ಸತ್ತೆ.