ಸಹಾಯ ಬೇಕು: ಬಿಸಿಯಾದ ಮೇಲೆ ಆಫ್ ಆಗುವ ಹಳೇ ಕಾರ್ಬ್ಯುರೇಟರ್ ಕಾರು

ಎಲ್ಲರಿಗೂ ನಮಸ್ಕಾರ. ಪೆಟ್ರೋಲ್ ಗಾಡಿ, ಕಾರ್ಬ್ಯುರೇಟರ್, ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ (ಸ್ಪಾರ್ಕನ್ನು ಪ್ಲಗ್‌ಗಳಿಗೆ ಹಂಚುವ ಭಾಗ). ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಟೆಂಪರೇಚರ್ ಮುಳ್ಳು ನಡುವಿಗೆ ಬಂದ ಮೇಲೆ, ಕೀ ತಿರುಗಿಸಿದಂತೆ ಪಟ್ಟನೆ ಆಫ್. ಜರ್ಕ್ ಇಲ್ಲ, ಮಿಸ್ಸಿಂಗ್ ಇಲ್ಲ. ಆರಿದ ಮೇಲೆ ಮತ್ತೆ ಸರಿ.

"ವೇಪರ್ ಲಾಕ್" (ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ನಿಲ್ಲುವುದು) ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನಿಂತ ತಕ್ಷಣ ಏರ್ ಫಿಲ್ಟರ್ ತೆಗೆದು ಥ್ರಾಟಲ್ ಎಳೆದರೆ ಪೆಟ್ರೋಲ್ ಚೆನ್ನಾಗಿ ಚಿಮ್ಮುತ್ತದೆ. ಚೋಕ್ ಪೂರ್ತಿ ತೆರೆದಿದೆ. ಟ್ಯಾಂಕ್ ಮುಚ್ಚಳ ಸಡಿಲಿಸಿದರೂ ಅದೇ ಕಥೆ.

ಇಲ್ಲದಿರುವುದು ಸ್ಪಾರ್ಕ್. ಇಗ್ನಿಷನ್ ಕಾಯಿಲ್‌ನ (ಸ್ಪಾರ್ಕ್‌ಗೆ ಹೈ ವೋಲ್ಟೇಜ್ ಕೊಡುವ ಭಾಗ) ನಡುವಿನ ವೈರಿಗೆ ಸ್ಪಾರ್ಕ್ ಟೆಸ್ಟರ್ ಹಾಕಿ ಕ್ರ್ಯಾಂಕ್ ಮಾಡಿದರೆ ಏನೂ ಬರುವುದಿಲ್ಲ. ಆಗಲೂ ಕಾಯಿಲ್‌ನ ಪ್ಲಸ್‌ನಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಇದೆ. ಹಾಗಾಗಿ ಇಗ್ನಿಷನ್ ಸ್ವಿಚ್ ಮೇಲೆ ಅನುಮಾನವಿಲ್ಲ. ಕಾಯಿಲ್ ಪ್ರೈಮರಿ ತಣ್ಣಗಿದ್ದಾಗ 3.0 ಓಮ್, ಬಿಸಿಯಲ್ಲಿ 3.5. ತಾಮ್ರಕ್ಕೆ ಇಷ್ಟು ಏರಿಕೆ ಸಹಜ. ಆದರೆ ಒಳಗಿನ ಇನ್ಸುಲೇಷನ್ ಬಿಸಿಗೆ ಸೋರುತ್ತಿದ್ದರೆ ಮಲ್ಟಿಮೀಟರ್ ಅದನ್ನು ತೋರಿಸುವುದಿಲ್ಲ, ಗೊತ್ತು. ಅದಕ್ಕೇ ಬೇರೆ ಕಾಯಿಲ್ ಹಾಕಿಯೂ ನೋಡಿದ್ದಾಯಿತು, ವ್ಯತ್ಯಾಸವಿಲ್ಲ.

ಉಳಿದಿರುವುದು ಪಿಕಪ್ ಕಾಯಿಲ್ (ಶಾಫ್ಟ್ ತಿರುಗುವುದನ್ನು ಗ್ರಹಿಸಿ ಸಿಗ್ನಲ್ ಕೊಡುವುದು), ಇಗ್ನೈಟರ್ ಮಾಡ್ಯೂಲ್ (ಆ ಸಿಗ್ನಲ್ ನೋಡಿ ಇಗ್ನಿಷನ್ ಕಾಯಿಲ್‌ನ ಕರೆಂಟ್ ಕಡಿಯುವ ಎಲೆಕ್ಟ್ರಾನಿಕ್ ಭಾಗ). ಎರಡೂ ಡಿಸ್ಟ್ರಿಬ್ಯೂಟರ್ ಒಳಗೇ ಇರುವುದರಿಂದ ಒಟ್ಟಿಗೇ ಬಿಸಿಯಾಗುತ್ತವೆ, ಹಾಗಾಗಿ ಕೆಟ್ಟಿರುವುದು ಯಾವುದೆಂದು ತಿಳಿಯುತ್ತಿಲ್ಲ.

ತಿಳಿದವರು ದಯವಿಟ್ಟು ಹೇಳಿ: ಗಾಡಿ ನಿಂತಾಗ ಪಿಕಪ್‌ನ ವೈರುಗಳಿಗೆ ಎಸಿ ವೋಲ್ಟ್ ಮೀಟರ್ ಹಿಡಿದು ಕ್ರ್ಯಾಂಕ್ ಮಾಡಿದಾಗ ವೋಲ್ಟೇಜ್ ಬಂದರೆ ಮಾಡ್ಯೂಲೇ ಹೋಗಿದೆ ಎಂದು ತೀರ್ಮಾನಿಸಬಹುದೇ? ಮಾಡ್ಯೂಲ್ ಅಡಿಯ ಹೀಟ್‌ಸಿಂಕ್ ಪೇಸ್ಟ್ (ಅದರ ಬಿಸಿಯನ್ನು ಹೊರಗೆ ಸಾಗಿಸುವ ಲೇಪ) ಒಣಗಿ ಪುಡಿಯಾಗಿದೆ. ಹೊಸದು ಹಚ್ಚಿದರೆ ಸಾಕಾದೀತೇ? ಪಿಕಪ್ ಬದಲಿಸಬೇಕಾದರೆ ಶಾಫ್ಟ್ ಹೊರತೆಗೆಯಲೇಬೇಕೇ?