ಏಪ್ರಿಲ್‌ನಲ್ಲಿ ಲೇಕ್ ಜಾರ್ಜ್‌ಗೆ ಕನೂ ತಗೊಂಡು ಹೋಗಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾವು ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ ಬಂದು ಆರು ತಿಂಗಳಾಯಿತು. ಏಪ್ರಿಲ್ ಕೊನೆಯಲ್ಲಿ ನಾನು, ಯಜಮಾನರು, ಏಳು ವರ್ಷದ ಮಗಳು ಲೇಕ್ ಜಾರ್ಜ್‌ಗೆ ಹೋಗೋಣ ಅಂತಿದ್ದೇವೆ. ಸ್ನೇಹಿತರು ಕನೂ (ಹುಟ್ಟು ಹಾಕುವ ಸಣ್ಣ ದೋಣಿ) ಕೊಡುತ್ತಾರೆ. ನಮ್ಮಿಬ್ಬರಿಗೂ ಈಜು ಬರುತ್ತದೆ. ಲೈಫ್ ಜಾಕೆಟ್ ದೋಣಿಯಲ್ಲಿ ಇಟ್ಟುಕೊಂಡರೆ ಸಾಕಾ? ಲೈಸೆನ್ಸ್ ಬೇಕಾ?

ಸ್ಕೆನೆಕ್ಟಡಿಯಿಂದ: ಇಟ್ಟುಕೊಂಡರೆ ಸಾಲದು, ಹಾಕಿಕೊಳ್ಳಲೇಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ, 21 ಅಡಿಗಿಂತ ಚಿಕ್ಕ ದೋಣಿಯಲ್ಲಿ ಹೋಗುವ ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಬೇಕು. ಕನೂ, ಕಯಾಕ್ ಎಲ್ಲಾ ಸೇರಿ. 12 ವರ್ಷದೊಳಗಿನ ಮಕ್ಕಳಿಗೆ ಬೇಸಿಗೆಯಲ್ಲೂ ಬೇಕು. ಹುಟ್ಟು ಹಾಕುವ ಕನೂಗೆ ಲೈಸೆನ್ಸ್ ಬೇಡ. ಮೋಟಾರ್ ಇದ್ದರೆ ಮಾತ್ರ, 2025ರ ಜನವರಿಯಿಂದ, ನಡೆಸುವವರು ಯಾವ ವಯಸ್ಸಿನವರಾದರೂ ಸುರಕ್ಷತಾ ಕೋರ್ಸ್ ಮುಗಿಸಿರಬೇಕು.

ಈಜು ಬರುತ್ತದೆ ಅಂದಿರಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ನಾನು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು. ಬೆಂಡು ಬಿಚ್ಚಿದ ದಿನ ಈಜು ಬಂತು ಅಂತ ಲೆಕ್ಕ. ಹಾಗಾಗಿ ಜಾಕೆಟ್ ಅಂದರೆ ಕಲಿಯುವವರದ್ದು ಅನ್ನೋದು ತಲೆಯಲ್ಲಿ ಕೂತಿತ್ತು. ಕೆಲವು ವರ್ಷದ ಹಿಂದೆ, ಮೇ ಮೊದಲ ಶನಿವಾರ. 70 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 21 ಸೆಲ್ಸಿಯಸ್) ಬಿಸಿಲು. ಕಾನೂನಿನ ಅವಧಿ ಮುಗಿದಿದೆ ಅಂತ ಜಾಕೆಟ್ ಕಾಲ ಬಳಿ ಇಟ್ಟಿದ್ದೆ. ದಡ ಹತ್ತಿರವೇ ಇತ್ತು. ಬ್ಯಾಗ್ ತೆಗೆಯಲು ಬಗ್ಗಿದೆ, ಕನೂ ಮಗುಚಿತು. ಕೊರೆಯುವ ತಣ್ಣೀರಿಗೆ ಬಿದ್ದ ಕೂಡಲೇ ಎದೆ ಬಿಗಿದು, ಬೇಡ ಅಂದರೂ ಬಾಯಿ ತೆರೆದು ಉಸಿರೆಳೆದೆ. ಉಸಿರಿನ ಜೊತೆ ನೀರೂ ಹೋಯಿತು. ತೇಲುತ್ತಿದ್ದ ಜಾಕೆಟ್ ಕೈಗೆ ಸಿಕ್ಕಿತು, ಆದರೆ ಬಕಲ್ ಹಾಕಲು ಬೆರಳು ಮಡಚಲೇ ಇಲ್ಲ. ಜಾಕೆಟ್ ಹಾಕಿದ್ದ ಗೆಳೆಯ ನನ್ನನ್ನು ಹಿಡಿದುಕೊಂಡದ್ದಕ್ಕೆ ಬದುಕಿದೆ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಅಂತ ಹೇಳಿಕೊಡುತ್ತಾರೆ. ಉಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ. ಚಳಿಗೆ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಜನ ಆ ಒಂದು ಗಂಟೆಗೆ ಹೆದರುತ್ತಾರೆ. ಜಾಕೆಟ್ ಇಲ್ಲದವರು ಎಷ್ಟೋ ಸಲ ಮೊದಲ ನಿಮಿಷವೇ ದಾಟುವುದಿಲ್ಲ. ಬಿದ್ದರೆ ಈಜಲು ಹೋಗಬೇಡಿ. ಸುಮ್ನೆ ತೇಲಿ, ಉಸಿರು ಹಿಡಿತಕ್ಕೆ ಬರಲಿ. ಆಮೇಲೆ ಮಗುಚಿದ ದೋಣಿಯ ಮೇಲೆ ಆದಷ್ಟು ಹತ್ತಿಕೊಳ್ಳಿ, ಅದನ್ನು ಬಿಡಬೇಡಿ.

ಬಾಸ್ಟನ್‌ನಿಂದ: ರಾಜ್ಯ ದಾಟಿದರೆ ತಾರೀಖು ಬೇರೆ, ನೋಡಿಕೊಳ್ಳಿ. ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಕನೂ, ಕಯಾಕ್‌ನವರಿಗೆ ಸೆಪ್ಟೆಂಬರ್ 15ರಿಂದ ಮೇ 15. ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30. ಕೆರೆಗೆ ಈ ಕ್ಯಾಲೆಂಡರ್ ಗೊತ್ತಿಲ್ಲ. ಲೇಕ್ ಜಾರ್ಜ್‌ನಲ್ಲಿ ಕೆಲವು ವರ್ಷ ಏಪ್ರಿಲ್ ಬಂದರೂ ನೀರಿನ ಮೇಲೆ ಮಂಜುಗಡ್ಡೆ ಇರುತ್ತದೆ. ಬಟ್ಟೆ ನೀರಿನ ಚಳಿ ನೋಡಿ ಹಾಕಬೇಕು, ಬಿಸಿಲು ನೋಡಿ ಅಲ್ಲ. ಜೀನ್ಸ್, ಕಾಟನ್ ಬೇಡವೇ ಬೇಡ. ವೆಟ್‌ಸೂಟ್ (ತಣ್ಣೀರಿಗೆ ಹಾಕುವ ರಬ್ಬರಿನಂಥ ಬಿಗಿ ಉಡುಪು) ಇಲ್ಲದಿದ್ದರೆ ನಾವಂತೂ ಜೂನ್‌ವರೆಗೆ ಇಳಿಯುವುದಿಲ್ಲ.

ಸಿರಕ್ಯೂಸ್‌ನಿಂದ: ನಾನು ನರ್ಸ್. ನೀರಿನಿಂದ ಎತ್ತಿದವರ ಕೈಕಾಲು ತಿಕ್ಕಬೇಡಿ. ನಮ್ಮಲ್ಲಿ ಮೊದಲು ಮಾಡುವುದೇ ಅದು, ಅಲ್ವಾ? ಮೈ ತುಂಬಾ ತಣ್ಣಗಾಗಿದ್ದರೆ ಅಲುಗಾಡಿಸಿದರೂ ಹೃದಯದ ಬಡಿತ ತಪ್ಪಬಹುದು. ಮಲಗಿಸಿ, ಒದ್ದೆ ಬಟ್ಟೆ ಮೆಲ್ಲಗೆ ಬಿಚ್ಚಿ, ಎದೆ-ಹೊಟ್ಟೆಗೆ ಕಂಬಳಿ ಸುತ್ತಿ, 911ಕ್ಕೆ ಕರೆ ಮಾಡಿ. ಬ್ರಾಂದಿ ಕೊಡಬೇಡಿ. ಫೋನ್ ಜಲನಿರೋಧಕ ಚೀಲದಲ್ಲಿ ನಿಮ್ಮ ಮೈಮೇಲೇ ಇರಲಿ. ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಬ್ಬರಿಗೆ ಹೇಳಿ ಹೋಗಿ.

ಕೇಳಿದವರಿಂದ: ಎಲ್ಲರಿಗೂ ಧನ್ಯವಾದ. ಕನೂ ಜುಲೈಗೆ ಮುಂದೂಡಿದೆವು. ಏಪ್ರಿಲ್‌ನಲ್ಲಿ ದಡದಲ್ಲಿ ಓಡಾಡಿಕೊಂಡು ಬರುತ್ತೇವೆ. ಮಗಳು 48 ಪೌಂಡ್ ಇದ್ದಾಳೆ. 30-50ರ ಜಾಕೆಟ್ ಈಗಲೇ ಕೊಳ್ಳಲಾ?

ಸ್ಕೆನೆಕ್ಟಡಿಯಿಂದ: ಈಗ ಬೇಡ. ಜುಲೈ ಹೊತ್ತಿಗೆ 50 ದಾಟಿರಬಹುದು, ದಾಟಿದರೆ 50-90ರದ್ದು ಬೇಕಾಗುತ್ತದೆ. ಜೂನ್ ಕೊನೆಗೆ ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಬಕಲ್ ಎಲ್ಲಾ ಬಿಗಿದು, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗಲ್ಲ, ಕಿವಿವರೆಗೆ ಏರಿದರೆ ಅದು ದೊಡ್ಡದಾಯಿತು, ಬೇರೆ ನೋಡಿ.