ಸ್ಯಾಂಡ್ ಪೇಪರ್ ಇಲ್ಲದೆ ತೇಗ ನುಣುಪು ಮಾಡೋದು ಹೇಗೆ? ಸಹಾಯ ಬೇಕು

ಶ್ವಾಸಕೋಶದ ಟಿಬಿಯಿಂದ ಒಂದೂವರೆ ವರ್ಷ ಮರಗೆಲಸ ಮುಟ್ಟಿರಲಿಲ್ಲ. ಈಗ ಗುಣವಾಗಿದೆ, ಆದರೆ ಮರದ ಧೂಳು ಬೇಡವೇ ಬೇಡ ಅಂದಿದ್ದಾರೆ ಡಾಕ್ಟರು. ಬನಶಂಕರಿಯ ನಮ್ಮನೆ ಟೆರೇಸಿನಲ್ಲಿ ಎನ್95 ಮಾಸ್ಕ್ ಹಾಕಿ ಸ್ಯಾಂಡ್ ಪೇಪರ್ ಉಜ್ಜಿ ನೋಡಿದೆ. ಐದೇ ನಿಮಿಷಕ್ಕೆ ಏದುಸಿರು. ಪೇಪರ್ ಒದ್ದೆ ಮಾಡಿ ಉಜ್ಜಿದರೆ ನಾರು ಎದ್ದು ನಿಲ್ಲುತ್ತೆ.

ಹಾಗಾಗಿ ಮರ ಹೆರೆಯುವ ಹಳೇ ಉಜ್ಜುಗೊರಡು ಹೊರಗೆ ತೆಗೆದೆ. ಧೂಳಿಲ್ಲ, ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತೆ. ಆ ಸದ್ದು ಕೇಳಿಯೇ ಅರ್ಧ ಜೀವ ಬಂತು! ಆದರೆ ತೇಗದ ಮಣೆಯಲ್ಲಿ ಗಂಟಿನ ಸುತ್ತ ಎರಡು ಬೆರಳಗಲ ನಾರು ಕಿತ್ತು ಬರ್ತಿದೆ. ಬ್ಲೇಡ್ ಸಾಣೆ ಹಿಡಿದೆ, ದಿಕ್ಕು ಬದಲಿಸಿದೆ, ಬ್ಲೇಡ್ ಒಳಗೆಳೆದೆ. ಕಡಿಮೆಯಾಯ್ತು, ನಿಲ್ಲಲಿಲ್ಲ. ತೋಳಲ್ಲಿ ಶಕ್ತಿಯೂ ಅಷ್ಟಕ್ಕಷ್ಟೇ.

ಬ್ಲೇಡ್ ಮೇಲಿನ ಕಬ್ಬಿಣದ ಪಟ್ಟಿಯನ್ನು ಅಂಚಿಗೆ ಎಷ್ಟು ಹತ್ತಿರ ತರಬೇಕು? ಅಥವಾ ಗಂಟಿನ ಜಾಗಕ್ಕೆ ಮಾತ್ರ ಸ್ಕ್ರೇಪರ್ (ಮರ ಕೆರೆಯುವ ಉಕ್ಕಿನ ತಗಡು) ಹಾಕಿದರೆ ಸಾಕಾ?